ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳು

ಗದುಗಿನ ವೀರೇಶ್ವರ ಪುಣ್ಯಾಶ್ರಮ ದೃಷ್ಟಿಯಿಲ್ಲದ ಮಕ್ಕಳನ್ನು, ಅನಾಥರನ್ನು, ಬಡವರ ಮನೆಯ ಮಕ್ಕಳನ್ನು ಇರಿಸಿಕೊಂಡು, ಉಣಬಡಿಸಿ, ಸಂಗೀತ ಕಲಿಸುವ ಸಂಸ್ಥೆ. ಇದನ್ನು ಕಟ್ಟಿದವರು ಹುಟ್ಟಿನಿಂದಲೇ ಕಣ್ಣು ಕಾಣದಿದ್ದ ಪಂಚಾಕ್ಷರ ಗವಾಯಿಗಳು (1892–1944). ಅವರ ನಂತರ ಅರವತ್ತಾರು ವರ್ಷ ನಡೆಸಿದವರು ಬಾಲ್ಯದಲ್ಲಿ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010). ಅಂಧರಿಗಾಗಿ ನಡೆಯುವ ಸಂಸ್ಥೆಗಳು ನಾಡಿನಲ್ಲಿ ಹಲವು ಇವೆ. ಇಲ್ಲಿ ಗುರುವಿನ ಗದ್ದುಗೆಯಲ್ಲಿಯೇ ಎರಡು ತಲೆಮಾರು ಅಂಧರು ಕುಳಿತಿದ್ದರು. ಆಶ್ರಮದ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಗಳೆಲ್ಲ ಬಹುಮಟ್ಟಿಗೆ ಇದರಿಂದಲೇ ಹುಟ್ಟಿಕೊಂಡಿವೆ.

ಈ ಕಥೆಯ ಮೂಲದಲ್ಲಿ ಮೂರನೆಯವರೊಬ್ಬರಿದ್ದಾರೆ. ಅವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. 1867ರಲ್ಲಿ ರಾಣೆಬೆನ್ನೂರು ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದರು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಮುಂದೆ ಮಠಗಳ ಅಧಿಕಾರ ವಹಿಸಿಕೊಳ್ಳಬೇಕಾದ ವಟುಗಳಿಗೆ ಸಂಸ್ಕೃತ, ಶಾಸ್ತ್ರ, ಯೋಗಗಳ ಶಿಕ್ಷಣ ಕೊಡುವುದು ಅದರ ಉದ್ದೇಶ. ಪಾಠಶಾಲೆ, ಗೋಶಾಲೆ, ಗ್ರಂಥಸಂಗ್ರಹಗಳ ಜೊತೆಗೆ ಸಂಗೀತವೂ ಅವರ ಆಸಕ್ತಿಯೊಳಗೆ ಬಂದಿತ್ತು. ಮಠದ ಸ್ವಾಮಿಗಳು ಸಂಗೀತಗಾರರಿಗೆ ಆಶ್ರಯ ಕೊಡುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಕಣ್ಣಿಲ್ಲದ ಹಳ್ಳಿಯ ಹುಡುಗನೊಬ್ಬನನ್ನು ವಿದ್ವಾಂಸನನ್ನಾಗಿ ಮಾಡಲು ವರ್ಷಗಟ್ಟಲೆ ಹಣ, ಶ್ರಮ, ತಾಳ್ಮೆಗಳನ್ನು ಸುರಿಯುವುದು ಮಾತ್ರ ಆ ಕಾಲಕ್ಕೆ ಹೊಸದು.

ಆ ಹುಡುಗ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯವನು. ಜಂಗಮ ಮನೆತನ, ಹೆಸರು ಗದಿಗೆಯ್ಯ. 1892ರ ಫೆಬ್ರವರಿ 2ರಂದು ಹುಟ್ಟಿದ. ಅಣ್ಣ ಗುರುಬಸಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು ಎಂದರೆ ಅಂದಿನ ಬಡ ಕುಟುಂಬಕ್ಕೆ ಏನೆಂಬುದನ್ನು ಊಹಿಸಬಹುದು. ಸಿಡುಬು, ಕಣ್ಣಿನ ಬೇನೆ, ಹೊಟ್ಟೆಗಿಲ್ಲದ ಬರ ಇವುಗಳಿಂದ ಕಣ್ಣು ಕಳೆದುಕೊಂಡ ಮಕ್ಕಳು ಪ್ರತಿ ಊರಲ್ಲಿಯೂ ಇದ್ದ ಕಾಲ ಅದು. ಹುಟ್ಟಿನಿಂದಲೇ ಕಾಣದಿದ್ದವರ ಪಾಡು ಇನ್ನೂ ಒಂದು ಕೈ ಹೆಚ್ಚು. ಗುಡಿಯ ಕಟ್ಟೆ, ಸಂತೆಯ ಬೀದಿ, ಭಿಕ್ಷೆಯ ಜೋಳಿಗೆ ಇವಿಷ್ಟೇ ಅವರ ಪಾಲಿಗೆ ತೆರೆದಿದ್ದ ದಾರಿ. ಶಾಲೆ ಇರಲಿಲ್ಲ ಎಂದಲ್ಲ. ಭಾರತದಲ್ಲಿ ಅಂಧರ ಮೊದಲ ಶಾಲೆ ಅಮೃತಸರದಲ್ಲಿ ಮಿಷನರಿಗಳಿಂದ 1887ರಲ್ಲಿ ಆರಂಭವಾಗಿತ್ತು. ಹಾನಗಲ್ಲಿನ ಹಳ್ಳಿಗೂ ಅಮೃತಸರಕ್ಕೂ ಇದ್ದ ದೂರ ಕೇವಲ ಮೈಲಿಗಳದ್ದಲ್ಲ.

ಅಣ್ಣ ತಮ್ಮ ಇಬ್ಬರಿಗೂ ಕಂಠ ಚೆನ್ನಾಗಿತ್ತು. ಕೇಳಿದ್ದನ್ನು ಕೇಳಿದ ಹಾಗೆಯೇ ಹಾಡಿ ತೋರಿಸುತ್ತಿದ್ದರು. ಹಾನಗಲ್ಲ ಕುಮಾರ ಸ್ವಾಮಿಗಳು ಇವರ ಹಾಡು ಕೇಳಿ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅಣ್ಣ ಬೇಗ ತೀರಿಕೊಂಡ. ಉಳಿದ ತಮ್ಮನ ಶಿಕ್ಷಣಕ್ಕೆ ಸ್ವಾಮಿಗಳು ಎಷ್ಟು ಮನಸ್ಸು ಕೊಟ್ಟರೆಂದರೆ, ಅವನನ್ನು ಕರ್ನಾಟಕ ಸಂಗೀತ ಕಲಿಯಲು ಮೈಸೂರಿನವರೆಗೆ ಕಳುಹಿಸಿದರು. ಮುಂಬಯಿ ಪ್ರಾಂತದ ಹಳ್ಳಿಯ ಅಂಧ ಹುಡುಗ ಮೈಸೂರು ಸಂಸ್ಥಾನಕ್ಕೆ ಹೋಗಿ, ಅಲ್ಲಿಯೇ ಇದ್ದು, ದಕ್ಷಿಣಾದಿ ಪದ್ಧತಿಯನ್ನು ಅಭ್ಯಾಸ ಮಾಡಿ ಬಂದ. ಆಮೇಲೆ ಹಿಂದೂಸ್ತಾನಿ. ಇದಕ್ಕೆ ಗುರು ನೀಲಕಂಠಬುವಾ ಮಿರಜಕರ. ಗ್ವಾಲಿಯರ್ ಘರಾನೆಯನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರಾದ ಇವರು ಮಲ್ಲಿಕಾರ್ಜುನ ಮನಸೂರರಿಗೂ ಮೊದಲ ಗುರುಗಳಲ್ಲಿ ಒಬ್ಬರು. ಹೀಗೆ ಎರಡೂ ಪದ್ಧತಿಗಳಲ್ಲಿ ಅಧಿಕಾರಯುತವಾಗಿ ಹಾಡಬಲ್ಲ, ಪಾಠ ಹೇಳಬಲ್ಲ ವಿದ್ವಾಂಸರಾಗಿ ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಅವರ ಹೆಸರಿನ ಹಿಂದೆ ಸೇರಿಕೊಂಡ ಉಭಯಗಾನ ವಿಶಾರದ ಎಂಬ ಬಿರುದು ಇದನ್ನೇ ಹೇಳುತ್ತದೆ. ಎರಡೂ ಪದ್ಧತಿಗಳನ್ನು ಬಲ್ಲೆವೆಂದು ಹೇಳಿಕೊಳ್ಳುವವರು ಈಗಲೂ ಸಿಗುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿಯೇ, ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ಕಲಿಸಬಲ್ಲವರು ಆಗಲೂ ವಿರಳ, ಈಗಲೂ ವಿರಳ.

ಕಲಿತ ವಿದ್ಯೆಯನ್ನು ಏನು ಮಾಡಬೇಕೆಂಬುದರ ಬಗ್ಗೆ ಗುರುವಿನ ಅಪ್ಪಣೆ ಸ್ಪಷ್ಟವಾಗಿತ್ತು. ತನ್ನ ಹಾಗೆಯೇ ಕಣ್ಣಿಲ್ಲದವರಿಗೆ, ದಿಕ್ಕಿಲ್ಲದವರಿಗೆ ಅದನ್ನು ದಾನ ಮಾಡಬೇಕು. ಗವಾಯಿಗಳು ಬ್ರಹ್ಮಚರ್ಯದಲ್ಲಿಯೇ ಉಳಿದು, ಆಸ್ಥಾನ ಸಂಭಾವನೆಗಳ ಕಡೆ ಹೋಗದೆ ಈ ಕೆಲಸಕ್ಕೆ ನಿಂತರು. ಮೊದಲ ವರ್ಷಗಳಲ್ಲಿ ಅವರ ಪಾಠಶಾಲೆಗೆ ಕಟ್ಟಡವಿರಲಿಲ್ಲ. ತಂಬೂರಿ, ಹಾರ್ಮೋನಿಯಂ, ತಬಲಾಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಗುರುವೂ ಮಕ್ಕಳೂ ಊರಿಂದ ಊರಿಗೆ ಹೋಗುತ್ತಿದ್ದರು. ಮಠದಲ್ಲೋ ಗುಡಿಯಲ್ಲೋ ಇಳಿದುಕೊಳ್ಳುವುದು, ಹಗಲು ಪಾಠ, ರಾತ್ರಿ ಊರ ಮುಂದೆ ಕೀರ್ತನೆ ಅಥವಾ ಗಾಯನ. ಭಕ್ತರು ಕೊಟ್ಟ ಜೋಳ, ಬೇಳೆ, ಬೆಲ್ಲದಿಂದ ಹೊಟ್ಟೆ ತುಂಬುವುದು, ಮುಂದಿನ ಊರಿಗೆ ನಡೆಯುವುದು. ಮಳೆ ಬಂದ ವರ್ಷ ಧಾನ್ಯ ಸಿಗುತ್ತಿತ್ತು, ಬರ ಬಿದ್ದ ವರ್ಷ ಕೊಡುವವರ ಮನೆಯಲ್ಲಿಯೇ ಇರುತ್ತಿರಲಿಲ್ಲ. ಸಂಚಾರಿ ಪಾಠಶಾಲೆಯ ಈ ದಿನಗಳನ್ನು ಭಕ್ತರ ಬರವಣಿಗೆ ಪವಾಡಗಳಿಂದ ಅಲಂಕರಿಸಿದೆ. ಪವಾಡಗಳನ್ನು ಬದಿಗಿಟ್ಟು ನೋಡಿದರೂ, ಒಬ್ಬ ಅಂಧ ಗುರು ಅಂಧ ಮಕ್ಕಳ ಗುಂಪೊಂದನ್ನು ಕಟ್ಟಿಕೊಂಡು ಕೆಟ್ಟ ರಸ್ತೆಗಳ ಮೇಲೆ ವರ್ಷಾನುಗಟ್ಟಲೆ ಓಡಾಡಿದ್ದು ಸಣ್ಣ ಸಂಗತಿಯೇನೂ ಅಲ್ಲ. ಈ ತಿರುಗಾಟಕ್ಕೆ ಇನ್ನೊಂದು ಫಲವೂ ಇತ್ತು. ಕಣ್ಣಿಲ್ಲದ ಮಗುವನ್ನು ಮನೆಯ ಮೂಲೆಯಲ್ಲಿ ಕೂರಿಸಿದ್ದ ತಂದೆ ತಾಯಿಯರು ಅಂಥದೇ ಮಕ್ಕಳು ಸಭೆಯಲ್ಲಿ ಕುಳಿತು ಹಾಡುವುದನ್ನು ತಮ್ಮೂರಿನಲ್ಲಿಯೇ ಕಂಡರು. ಆಶ್ರಮಕ್ಕೆ ಮಕ್ಕಳು ಬಂದದ್ದು ಹೀಗೆ, ಜಾಹೀರಾತಿನಿಂದಲ್ಲ.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಆನಂತರದ ವರ್ಷಗಳಲ್ಲಿ ಪಾಠಶಾಲೆ ಗದುಗಿನಲ್ಲಿ ನೆಲೆ ಕಂಡುಕೊಂಡಿತು. ಊರಿನ ವ್ಯಾಪಾರಸ್ಥ ಬಸರೀಗಿಡದ ವೀರಪ್ಪನವರು ಜಾಗ ಕೊಟ್ಟರು. ವೀರೇಶ್ವರ ಪುಣ್ಯಾಶ್ರಮ ಎಂಬ ಹೆಸರಿನಲ್ಲಿ ಆ ದಾನದ ನೆನಪು ಉಳಿದಿದೆ. ಗದುಗು ಹತ್ತಿಯ ಪೇಟೆ, ರೈಲು ಜಂಕ್ಷನ್, ಮಠಗಳ ಊರು. ಶಾಂತಕವಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದ ಊರು. ದಾನ ಕೊಡುವ ವರ್ತಕರು, ಹಾಡು ಕೇಳುವ ಜನ, ಹೋಗಿಬರಲು ರೈಲು, ಈ ಮೂರೂ ಒಂದೇ ಕಡೆ ಇದ್ದವು. ಸಂಗೀತದಿಂದಲೇ ಬದುಕಬೇಕಾದ ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ಊರನ್ನು ಧಾರವಾಡ ಜಿಲ್ಲೆಯಲ್ಲಿ ಹುಡುಕುವುದು ಕಷ್ಟವಿತ್ತು. (ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.)

ಅಂಧ ವಿದ್ಯಾರ್ಥಿಗೆ ಸಂಗೀತ ಕಲಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾರ್ಮೋನಿಯಂ ಕಲಿಯುವ ಮಗುವಿಗೆ ಮೊದಲು ಪರಿಚಯವಾಗುವುದು ಸ್ವರವಲ್ಲ, ಕರಿ ಪಟ್ಟಿಗಳು. ಅವು ಎರಡು, ಮೂರು, ಮತ್ತೆ ಎರಡು, ಮೂರು ಎಂಬ ಗುಂಪುಗಳಲ್ಲಿ ಎದ್ದು ನಿಂತಿರುತ್ತವೆ. ಬೆರಳು ಈ ಗುಂಪುಗಳನ್ನು ಸವರಿ ತಾನೆಲ್ಲಿದ್ದೇನೆ ಎಂಬುದನ್ನು ಕಂಡುಕೊಳ್ಳುತ್ತದೆ. ಕರಿ ಒಂದು, ಬಿಳಿ ನಾಲ್ಕು ಎಂದು ಶ್ರುತಿ ಹೇಳುವ ರೂಢಿ ಅಂಧರಿಗೆ ಹೇಳಿ ಮಾಡಿಸಿದಂತಿದೆ. ಮಗುವಿನ ಬೆರಳುಗಳ ಮೇಲೆ ಗುರು ತನ್ನ ಬೆರಳಿಟ್ಟು ಒತ್ತಿಸುತ್ತಾನೆ. ಕೆಲವು ದಿನಗಳಾದ ಮೇಲೆ ಮಗುವಿನ ಕೈ ಮೇಲೆ ಬರುತ್ತದೆ, ಗುರುವಿನ ಕೈ ಕೆಳಗೆ ಹೋಗುತ್ತದೆ. ಗುರು ನುಡಿಸುವಾಗ ಬೆರಳು ಹೇಗೆ ಮಡಚುತ್ತದೆ, ಯಾವ ಬೆರಳಿನ ಕೆಳಗೆ ಯಾವುದು ನುಸುಳುತ್ತದೆ ಎಂಬುದನ್ನು ಮಗು ಮುಟ್ಟಿ ತಿಳಿಯುತ್ತದೆ.

ತಾಳದ ಪಾಠದಲ್ಲಿಯೂ ಹೀಗೆಯೇ. ಹದಿನಾರು ಮಾತ್ರೆಯ ತೀನತಾಲದಲ್ಲಿ ಒಂದು, ಐದು, ಹದಿಮೂರನೆಯ ಮಾತ್ರೆಗಳಿಗೆ ಚಪ್ಪಾಳೆ, ಒಂಬತ್ತನೆಯದಕ್ಕೆ ಖಾಲಿ. ಕಣ್ಣುಳ್ಳ ವಿದ್ಯಾರ್ಥಿ ಖಾಲಿಯನ್ನು ಗುರುವಿನ ಕೈ ಬೀಸಿನಲ್ಲಿ ನೋಡಿ ತಿಳಿಯುತ್ತಾನೆ. ಅದಕ್ಕೆ ಸದ್ದಿಲ್ಲ. ಅಂಧ ವಿದ್ಯಾರ್ಥಿ ಅದನ್ನು ಡಗ್ಗಾದಲ್ಲಿ ಹಿಡಿಯಬೇಕು. ಹತ್ತನೆಯ ಮಾತ್ರೆಯಿಂದ ಠೇಕಾದ ಧಿನ್ ಹೋಗಿ ತಿನ್ ಆಗುತ್ತದೆ, ಎಡಗೈಯ ಗುಂಯ್ ನಿಲ್ಲುತ್ತದೆ, ಹದಿನಾಲ್ಕರಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಈ ಖಾಲಿಜಾಗವನ್ನು ಕಿವಿಯಿಂದಲೇ ಗುರುತಿಸಲು ಕಲಿತವನು ಸಮ್ ತಪ್ಪುವುದಿಲ್ಲ, ಏಕೆಂದರೆ ಅವನಿಗೆ ಕೈ ನೋಡುವ ಚಟವಿಲ್ಲ. ಬಂದಿಶ್‌ಗಳು, ವಚನಗಳು, ಪುರಾಣದ ಪದ್ಯಗಳು ಬಾಯಿಪಾಠವಾಗಬೇಕು. ಬರೆದುಕೊಂಡು ಆಮೇಲೆ ನೋಡಿಕೊಳ್ಳುತ್ತೇನೆ ಎನ್ನುವ ಅನುಕೂಲ ಇಲ್ಲವಾದ್ದರಿಂದ ನೂರು ಸಲ ಹೇಳಿಸುವುದೇ ಪಾಠ. ಹಿಂದೂಸ್ತಾನಿ ಸಂಗೀತದ ಗುರುಮುಖ ಪರಂಪರೆ ಹೇಗಿದ್ದರೂ ಪುಸ್ತಕವನ್ನು ನೆಚ್ಚಿದ್ದಲ್ಲ. ಬೇರೆ ವಿದ್ಯೆಗಳಲ್ಲಿ ಅಂಧರಿಗಾಗಿ ಪಾಠಕ್ರಮವನ್ನು ಬದಲಿಸಬೇಕಾಗುತ್ತದೆ. ಇಲ್ಲಿ ಪಾಠಕ್ರಮ ಇದ್ದ ಹಾಗೆಯೇ ಅವರಿಗೆ ಒಗ್ಗಿತು. ಕುಮಾರ ಸ್ವಾಮಿಗಳು ಸಂಗೀತವನ್ನೇ ಆರಿಸಿದ್ದರ ಹಿಂದಿನ ವ್ಯವಹಾರ ಜ್ಞಾನವನ್ನು ಭಕ್ತಿಯ ಭರದಲ್ಲಿ ಮರೆಯಬಾರದು.

ಪಂಚಾಕ್ಷರ ಗವಾಯಿಗಳ ಪಾಠಶಾಲೆ ಅಂಧರಿಗೆ ಮಾತ್ರ ಎಂದು ಬಾಗಿಲು ಹಾಕಿಕೊಳ್ಳಲಿಲ್ಲ. ಧಾರವಾಡ ಜಿಲ್ಲೆಯ ಯಲಿವಾಳದ ಹುಡುಗ ಬಸವರಾಜ ರಾಜಗುರು ಇದಕ್ಕೆ ಒಳ್ಳೆಯ ಉದಾಹರಣೆ. ಕಣ್ಣು ಚೆನ್ನಾಗಿದ್ದ, ನಾಟಕದ ಗೀಳು ಹತ್ತಿಸಿಕೊಂಡಿದ್ದ ಈ ಹುಡುಗನನ್ನು ಗವಾಯಿಗಳು ಹದಿಮೂರರ ವಯಸ್ಸಿನ ಆಸುಪಾಸಿನಲ್ಲಿ ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ತಬಲಾ ಸಾಥ್ ಕೊಟ್ಟವರು ಗುರುಗಳೇ. ಗವಾಯಿಯಾದವನು ತನ್ನ ಶಿಷ್ಯನ ಪಕ್ಕವಾದ್ಯಕ್ಕೆ ಕೂರುವುದು ಆ ಕಾಲದ ಸಂಗೀತ ಲೋಕದ ಮರ್ಯಾದೆಗೆ ಒಪ್ಪುವ ಮಾತಾಗಿರಲಿಲ್ಲ. ತಬಲಾದವನ ಸ್ಥಾನ ಗಾಯಕನಿಗಿಂತ ಕೆಳಗೆ ಎಂದು ಎಣಿಸುತ್ತಿದ್ದರು. ಗವಾಯಿಗಳು ಅದನ್ನು ಲೆಕ್ಕಿಸಿದಂತೆ ಕಾಣುವುದಿಲ್ಲ. ರಾಜಗುರು ಮುಂದೆ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಪಡೆದರು. ವಚನ ಗಾಯನಕ್ಕೆ ಶಾಸ್ತ್ರೀಯ ಸಂಗೀತದ ಘನತೆ ತಂದ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ. ಕಣ್ಣುಳ್ಳವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಯ ಮುಂದೆ ಕುಳಿತರು. ಅಲ್ಲಿ ದಡ್ಡ, ಜಾಣ ಎಂಬ ಭೇದವನ್ನು ಶ್ರುತಿ ಮತ್ತು ಲಯ ನಿರ್ಧರಿಸುತ್ತಿದ್ದವು.

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ತೀರಿಕೊಂಡರು. ಸಂಸ್ಥೆಗೆ ಆಗ ಆಸ್ತಿ ಎಂದು ಹೇಳಿಕೊಳ್ಳುವಂಥದು ಹೆಚ್ಚೇನೂ ಇರಲಿಲ್ಲ. ಯುದ್ಧದ ಕಾಲ, ಧಾನ್ಯಕ್ಕೆ ರೇಶನ್. ಮೂವತ್ತು ವರ್ಷದ ಪುಟ್ಟರಾಜರ ಮೇಲೆ ಭಾರ ಬಿತ್ತು.

ಪುಟ್ಟರಾಜರದೂ ಹಾನಗಲ್ಲ ತಾಲೂಕೇ, ಜಂಗಮ ಮನೆತನವೇ. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ರೇವಣಯ್ಯ ವೆಂಕಟಾಪುರಮಠ ಮತ್ತು ಸಿದ್ಧಮ್ಮ ದಂಪತಿಯ ಮಗನಾಗಿ ಹುಟ್ಟಿದರು. ಎಳವೆಯಲ್ಲಿಯೇ ದೃಷ್ಟಿ ಹೋಯಿತು, ತಂದೆಯ ನೆರಳೂ ತಪ್ಪಿತು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯ. ಅವರ ಮನೆಯ ಹಾರ್ಮೋನಿಯಂ ಮೇಲೆ ಹುಡುಗ ತಾನಾಗಿಯೇ ಬೆರಳಾಡಿಸುವುದನ್ನು ಕೇಳಿದ ಮಾವ ಅವನನ್ನು ಪಂಚಾಕ್ಷರ ಗವಾಯಿಗಳ ಬಳಿ ಕರೆತಂದು ಬಿಟ್ಟರು. ಹಿಂದೂಸ್ತಾನಿಯನ್ನು ಗವಾಯಿಗಳಿಂದ, ಕರ್ನಾಟಕ ಪದ್ಧತಿಯನ್ನು ಮುಂಡರಗಿ ರಾಘವೇಂದ್ರಾಚಾರ್ಯರಿಂದ ಕಲಿತರು. ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಮೊದಲಾದ ಹಲವು ವಾದ್ಯಗಳು ಅವರ ಕೈಗೆ ಬಂದವು. ಅಂಧ ಮಕ್ಕಳ ಪಾಠಶಾಲೆ ನಡೆಸುವವನಿಗೆ ಇದು ಹವ್ಯಾಸದ ಮಾತಲ್ಲ. ಕಂಠವಿಲ್ಲದ ಮಗುವಿಗೆ ತಬಲಾ, ತಬಲಾ ಒಗ್ಗದ ಮಗುವಿಗೆ ಪಿಟೀಲು ಎಂದು ಯಾರಿಗೆ ಯಾವುದು ಹೊಂದುತ್ತದೆಯೋ ಅದನ್ನು ಕೊಡಬೇಕಾದರೆ ಗುರುವಿಗೆ ಎಲ್ಲವೂ ಗೊತ್ತಿರಬೇಕು.

ಪುಟ್ಟರಾಜರು ಕವಿಯೂ ಹೌದು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಬರೆದ ಅವರ ಕೃತಿಗಳ ಸಂಖ್ಯೆ ಎಂಬತ್ತನ್ನು ದಾಟುತ್ತದೆ. ಶರಣರ ಚರಿತ್ರೆಗಳು, ಪುರಾಣಗಳು, ನಾಟಕಗಳು ಅದರಲ್ಲಿ ಹೆಚ್ಚು. ಹಿಂದಿಯಲ್ಲಿ ಬಸವಪುರಾಣ ಬರೆದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಬ್ರೈಲ್ ಬರವಣಿಗೆ ಕಾಣುವಷ್ಟು ಸರಳವಲ್ಲ. ದಪ್ಪ ಕಾಗದವನ್ನು ಲೋಹದ ಪಟ್ಟಿಯಲ್ಲಿ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಹಿಂಬದಿಯಲ್ಲಿ ಚುಚ್ಚಬೇಕು. ಚುಚ್ಚುವುದು ಬಲದಿಂದ ಎಡಕ್ಕೆ, ಕಾಗದ ಮಗುಚಿ ಬೆರಳಾಡಿಸಿ ಓದುವುದು ಎಡದಿಂದ ಬಲಕ್ಕೆ. ಹೀಗಾಗಿ ಪ್ರತಿ ಅಕ್ಷರವೂ ಬರೆಯುವಾಗ ತಿರುಗುಮುರುಗು. ಆರು ಚುಕ್ಕೆಗಳ ಮನೆಯಲ್ಲಿ ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದು ಬರಬೇಕು. ಒತ್ತಿಗೆ ಕೆಳಗೆ ಜಾಗವಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಒಪ್ಪಿತವಾದದ್ದೇ 1951ರಲ್ಲಿ. ಇಂಥ ಲಿಪಿಯಲ್ಲಿ ಗೀತೆಯ ಏಳುನೂರು ಶ್ಲೋಕಗಳನ್ನು, ಅವುಗಳ ಸಂಯುಕ್ತಾಕ್ಷರಗಳ ಸಮೇತ, ಚುಚ್ಚಿ ಮುಗಿಸುವುದು ಬೆರಳಿನ ತಪಸ್ಸು ಎನ್ನಲಡ್ಡಿಯಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಪಾರಾಯಣಕ್ಕೆ ಇನ್ನೊಬ್ಬರ ಕಣ್ಣನ್ನು ಬೇಡುತ್ತಿದ್ದ ಓದುಗನಿಗೆ ಗ್ರಂಥ ನೇರವಾಗಿ ಕೈಗೆ ಸಿಕ್ಕಿತು.

ಬರವಣಿಗೆ ಹೊಟ್ಟೆ ತುಂಬಿಸಲಾರದು. ನೂರಾರು ಮಕ್ಕಳ ಎರಡು ಹೊತ್ತಿನ ಊಟಕ್ಕೆ ಪುಟ್ಟರಾಜರು ಹುಡುಕಿಕೊಂಡ ದಾರಿ ನಾಟಕ ಕಂಪನಿ. ಶ್ರೀ ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳ ನಾಟ್ಯ ಸಂಘ ಎಂಬ ಉದ್ದನೆಯ ಹೆಸರಿನಲ್ಲಿ ಇಬ್ಬರು ಗುರುಗಳೂ ಸೇರಿದ್ದಾರೆ. ನಾಟಕಗಳನ್ನು ಬರೆದವರು ಪುಟ್ಟರಾಜರು, ಹಾಡುಗಳಿಗೆ ಮಟ್ಟು ಹಾಕಿದವರು ಅವರೇ. ಶರಣರ, ಸಂತರ ಕಥೆಗಳೇ ಹೆಚ್ಚಾದ್ದರಿಂದ ನಾಟಕವೆಂದರೆ ಮೂಗು ಮುರಿಯುವ ಮಡಿವಂತರೂ ಚೀಟಿ ಕೊಂಡು ಬಂದು ಕುಳಿತರು. ಕಂಪನಿ ಜಾತ್ರೆಯಿಂದ ಜಾತ್ರೆಗೆ ಹೋಯಿತು, ಗಳಿಕೆ ಆಶ್ರಮದ ಒಲೆಗೆ ಹೋಯಿತು. ಆಶ್ರಮದಲ್ಲಿ ಕಲಿತವರಿಗೆ ಹಾರ್ಮೋನಿಯಂ, ತಬಲಾ ಹಿಡಿದು ರಂಗದ ಮುಂದೆ ಕೂರುವ ಕೆಲಸವೂ ಸಿಕ್ಕಿತು. ಧರ್ಮಗುರುವೊಬ್ಬರು ನಾಟಕ ಕಂಪನಿಯ ಮಾಲೀಕರಾಗುವುದನ್ನು ಅಂದಿನವರೆಲ್ಲ ಮೆಚ್ಚಿರಲಾರರು. ಮೆಚ್ಚಲಿ ಬಿಡಲಿ, ಭಿಕ್ಷೆಗಿಂತ ದುಡಿಮೆ ಮೇಲು ಎಂಬ ತೀರ್ಮಾನ ಅದರಲ್ಲಿತ್ತು.

ಇನ್ನೊಂದು ದಾರಿ ತುಲಾಭಾರ. ಗವಾಯಿಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಅವರ ತೂಕದಷ್ಟು ಜೋಳ, ಗೋಧಿ, ಬೆಲ್ಲ, ಸಕ್ಕರೆ, ತೆಂಗಿನಕಾಯಿ ಅಥವಾ ನಾಣ್ಯಗಳನ್ನಿಟ್ಟು ಆಶ್ರಮಕ್ಕೆ ಒಪ್ಪಿಸುವುದು. ಹೀಗೆ ಅವರಿಗೆ ನಡೆದ ತುಲಾಭಾರಗಳು ಎರಡು ಸಾವಿರವನ್ನು ಮೀರಿದವು ಎಂಬುದು ಪ್ರಸಿದ್ಧವಾದ ಲೆಕ್ಕ. ಹೊರಗಿನಿಂದ ನೋಡುವವರಿಗೆ ಇದು ವ್ಯಕ್ತಿಪೂಜೆಯಾಗಿ ಕಾಣಬಹುದು. ಆಶ್ರಮದ ಉಗ್ರಾಣದ ಕಡೆಯಿಂದ ನೋಡಿದರೆ ಅದೊಂದು ಸರಬರಾಜು ವ್ಯವಸ್ಥೆ. ಒಬ್ಬ ಮನುಷ್ಯನ ತೂಕದ ಧಾನ್ಯ ಕೊಡುವುದು ಒಬ್ಬ ಮಧ್ಯಮ ರೈತನಿಗೆ ಭಾರವಲ್ಲ, ಊರು ಸೇರಿದರೆ ಇನ್ನೂ ಹಗುರ. ಕೊಟ್ಟವನಿಗೆ ಗುರುಸೇವೆ ಮಾಡಿದ ತೃಪ್ತಿ, ಆಶ್ರಮಕ್ಕೆ ಒಂದೆರಡು ದಿನದ ದಾಸೋಹ. ಸರಕಾರದ ಅನುದಾನ ಬರುವ ಹೋಗುವ ಕಾಲಕ್ಕೆಲ್ಲ ಅಡುಗೆಮನೆ ತಣ್ಣಗಾಗದೆ ಉಳಿದದ್ದು ಹೀಗೆ ಹಳ್ಳಿಗಳ ಮೇಲೆ ಭಾರ ಹಂಚಿಕೊಂಡದ್ದರಿಂದ.

ಕಲಿತು ಹೊರಬಿದ್ದವರು ಎಲ್ಲಿಗೆ ಹೋದರು? ಹೆಸರಾಂತರನ್ನು ಎಣಿಸುವುದು ಸುಲಭ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಎಂ. ವೆಂಕಟೇಶಕುಮಾರರನ್ನು ತೊಗಲುಗೊಂಬೆಯಾಟದ ಕಲಾವಿದರಾದ ಸೋದರಮಾವ ಬೆಳಗಲ್ಲು ವೀರಣ್ಣನವರು ಹುಡುಗನಾಗಿದ್ದಾಗ ತಂದು ಆಶ್ರಮದಲ್ಲಿ ಬಿಟ್ಟರು. ಹತ್ತಕ್ಕೂ ಹೆಚ್ಚು ವರ್ಷ ಪುಟ್ಟರಾಜರ ಕೈಕೆಳಗೆ ಕಲಿತ ಅವರು ಧಾರವಾಡದಲ್ಲಿ ಸಂಗೀತ ಅಧ್ಯಾಪಕರಾಗಿ ದುಡಿದು, ಇಂದಿನ ಹಿಂದೂಸ್ತಾನಿ ಗಾಯಕರಲ್ಲಿ ಅಗ್ರಗಣ್ಯರಾಗಿದ್ದಾರೆ. 2016ರಲ್ಲಿ ಪದ್ಮಶ್ರೀ ಬಂತು. ಪಂಚಾಕ್ಷರರಿಗೆ ರಾಜಗುರು ಇದ್ದಂತೆ ಪುಟ್ಟರಾಜರಿಗೆ ಇವರು, ಕಣ್ಣಿಲ್ಲದ ಗುರುವಿನ ಕಣ್ಣುಳ್ಳ ಶಿಷ್ಯ. ಆದರೆ ಆಶ್ರಮದ ನಿಜವಾದ ಸಾಧನೆಯನ್ನು ಅಳೆಯಬೇಕಾದದ್ದು ಪ್ರಶಸ್ತಿ ಪಡೆದವರಿಂದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಮಠ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳಿಡೀ ರಾತ್ರಿ ಪ್ರವಚನ. ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಪದ್ಯ ಹಾಡುವವರೊಬ್ಬರು, ತಬಲಾದವರೊಬ್ಬರು ಬೇಕೇ ಬೇಕು. ಗದುಗಿನಲ್ಲಿ ಕಲಿತವರಿಗೆ ಈ ಕೆಲಸಕ್ಕೆ ಕರೆ ಬರುತ್ತದೆ. ಉಳಿದಂತೆ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದವರು, ಆಕಾಶವಾಣಿಯಲ್ಲಿ ಹಾಡಿದವರು, ಭಜನಾ ಮಂಡಳಿಗಳಿಗೆ ಕಲಿಸುವವರು, ಊರಲ್ಲಿ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳಿ ಸಂಸಾರ ನಡೆಸುವವರು. ಊರಿಗೆ ಹೊರೆ ಎನ್ನಿಸಿಕೊಂಡಿದ್ದ ಮಗ ಹತ್ತು ವರ್ಷದ ಮೇಲೆ ಅದೇ ಊರಿನ ಪುರಾಣಕ್ಕೆ ಸಂಭಾವನೆ ಕೊಟ್ಟು ಕರೆಸಿಕೊಳ್ಳಬೇಕಾದ ಗವಾಯಿಯಾಗಿ ಬಂದರೆ, ಆ ಊರು ಅಂಧರ ಬಗ್ಗೆ ಎಣಿಸುವ ರೀತಿ ಬದಲಾಗದೆ ಇರದು.

ಅಂಗವೈಕಲ್ಯವುಳ್ಳ ಮಕ್ಕಳು ಉಳಿದ ಮಕ್ಕಳ ಜೊತೆಯಲ್ಲಿಯೇ ಕಲಿಯಬೇಕು ಎಂಬ ಮಾತು ಸರಕಾರದ ಕಾಗದಪತ್ರಗಳಿಗೆ ಬಂದದ್ದು ತಡವಾಗಿ. ಕೊಠಾರಿ ಆಯೋಗ 1966ರ ವರದಿಯಲ್ಲಿ ಅದನ್ನು ಸೂಚಿಸಿತು, ಕೇಂದ್ರದ ಯೋಜನೆ 1974ರಲ್ಲಿ ಬಂತು, ಸಮಾನ ಅವಕಾಶದ ಕಾಯಿದೆ 1995ರಲ್ಲಿ, ಅದರ ಜಾಗಕ್ಕೆ ವಿಸ್ತಾರವಾದ ಹೊಸ ಕಾಯಿದೆ 2016ರಲ್ಲಿ. ಇವು ಯಾವುವೂ ಇಲ್ಲದ ಕಾಲದಲ್ಲಿ ಗದುಗಿನ ಆಶ್ರಮ ಆ ಕೆಲಸ ಮಾಡಿತು ಎಂಬುದು ನಿಜ. ಎರಡೂ ಒಂದೇ ಎಂದುಕೊಳ್ಳುವುದು ಮಾತ್ರ ಸರಿಯಾಗದು. ಕಾಯಿದೆ ಹಕ್ಕಿನ ಮಾತಾಡುತ್ತದೆ, ಆಶ್ರಮ ನಡೆದದ್ದು ಗುರುವಿನ ಕೃಪೆ ಮತ್ತು ಭಕ್ತರ ದಾನದ ಮೇಲೆ. ಕೃಪೆಗೆ ಅರ್ಜಿ ಹಾಕಲು ಬರುವುದಿಲ್ಲ, ತಿರಸ್ಕರಿಸಿದರೆ ಮೇಲ್ಮನವಿಯೂ ಇಲ್ಲ. ಅಂಧರೆಂದರೆ ಸಂಗೀತಗಾರರು ಎಂಬ ಒಂದು ಎಣಿಕೆಯನ್ನೂ ಇಂಥ ಸಂಸ್ಥೆಗಳ ಯಶಸ್ಸು ಗಟ್ಟಿಮಾಡಿತು. ಗಣಿತದಲ್ಲಿ, ಕಾನೂನಿನಲ್ಲಿ, ಕಂಪ್ಯೂಟರಿನಲ್ಲಿ ಮನಸ್ಸಿರುವ, ಸ್ವರಜ್ಞಾನವಿಲ್ಲದ ಅಂಧ ಹುಡುಗಿಗೋ ಹುಡುಗನಿಗೋ ಬೇರೆ ಬಾಗಿಲುಗಳೇ ಬೇಕು. ಪಂಚಾಕ್ಷರರ ಕಾಲದಲ್ಲಿ ಇದ್ದದ್ದು ಇದೊಂದೇ ಬಾಗಿಲು. ಅದನ್ನು ಅವರು ಆದಷ್ಟು ಅಗಲವಾಗಿ ತೆರೆದರು ಎನ್ನುವುದು ನ್ಯಾಯವಾದ ಮಾತು.

ಪುಟ್ಟರಾಜರ ಕೊನೆಯ ದಶಕಗಳಲ್ಲಿ ಗೌರವಗಳು ಸಾಲುಗಟ್ಟಿ ಬಂದವು. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2010ರಲ್ಲಿ ಪದ್ಮಭೂಷಣ. ಅವರ ಗುರುವಿನ ಜೀವನ ಅಷ್ಟರಲ್ಲಿ ತೆರೆಯ ಮೇಲೂ ಬಂದಿತ್ತು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ 1995ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳು ಬಂದವು. ಸಂಗೀತಕ್ಕಾಗಿ ಹಂಸಲೇಖ, ಹಿನ್ನೆಲೆ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವುಗಳನ್ನು ಪಡೆದರು. ನಿರ್ದೇಶಕರು ವೃತ್ತಿರಂಗಭೂಮಿಯ 'ಚಿಂದೋಡಿ' ಮನೆತನದವರಾಗಿದ್ದುದು ಆಶ್ರಮಕ್ಕೂ ಕಂಪನಿ ನಾಟಕಕ್ಕೂ ಇದ್ದ ನಂಟಿಗೆ ತಕ್ಕಂತೆಯೇ ಇತ್ತು.

2010ರ ಸೆಪ್ಟೆಂಬರ್ 17ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಪುಟ್ಟರಾಜ ಗವಾಯಿಗಳು ಗದುಗಿನಲ್ಲಿ ಲಿಂಗೈಕ್ಯರಾದರು. ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸೇರಿದರು. ಆಶ್ರಮದ ಆವರಣದಲ್ಲಿಯೇ ಸಮಾಧಿಯಾಯಿತು. ಅವರ ನಂತರ ಪೀಠದ ಹೊಣೆ ಕಲ್ಲಯ್ಯಜ್ಜನವರದು. ತುಲಾಭಾರದ ಪದ್ಧತಿ ಮುಂದುವರಿದಿದೆ, ದಾಸೋಹ ನಡೆದಿದೆ, ಅಂಧ ಮಕ್ಕಳ ಶಿಕ್ಷಣವೂ ಸಂಗೀತ ಪಾಠವೂ ನಡೆದಿವೆ. ಇಬ್ಬರು ಗವಾಯಿಗಳ ಪುಣ್ಯತಿಥಿಗಳಿಗೆ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದ, ಹಲವರು ತಮ್ಮ ಶಿಷ್ಯರನ್ನೂ ಕರೆದುಕೊಂಡು, ಗದುಗಿಗೆ ಬಂದು ಸಂಗೀತ ಸೇವೆ ಸಲ್ಲಿಸುತ್ತಾರೆ.